ಒಬ್ಬರೇ ಕೂತು ಕೈಕೆಲಸ ಮಾಡುವವರಿಗೆ: ಕೆಲಸ ಕೆಟ್ಟ ದಿನವನ್ನೂ ಮಾತಿಲ್ಲದ ದಿನವನ್ನೂ ದಾಟುವುದು ಹೇಗೆ

ಮುಚ್ಚಳ ಸೀಳಿದ್ದು ರಾತ್ರಿ. ನಾನು ನೋಡಿದ್ದು ಬೆಳಗ್ಗೆ. ಬೀಳಿಸಿರಲಿಲ್ಲ, ಬಡಿದಿರಲಿಲ್ಲ. ಮುಗಿದ ಮರದ ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟು ದೀಪ ಆರಿಸಿ ಹೋಗಿದ್ದೆ, ಅಷ್ಟೇ. ಬಂದು ನೋಡಿದರೆ ಮುಚ್ಚಳದ ನಡುವೆ ಒಂದು ಗೆರೆ. ಒಂದು ತುದಿಯಲ್ಲಿ ಕೂದಲಿನಷ್ಟು ಸಣ್ಣ, ಇನ್ನೊಂದು ತುದಿಯಲ್ಲಿ ಉಗುರು ತೂರುವಷ್ಟು ಅಗಲ. ಮೂರು ವಾರದ ಕೆಲಸ. ಎರಡು ದಿನ ಕಳೆದರೆ ಒಯ್ಯುವವರು ಬರಬೇಕಿತ್ತು.

ಸ್ಟೂಲಿನ ಮೇಲೆ ಕೂತವನು ಮಧ್ಯಾಹ್ನದವರೆಗೂ ಏಳಲಿಲ್ಲ. ಮುಚ್ಚಳದಿಂದ ಶುರುವಾದ ಯೋಚನೆ ‘ನನಗೆ ಈ ಕೆಲಸವೇ ಬರುವುದಿಲ್ಲ’ ಅನ್ನುವಲ್ಲಿಗೆ ಹೋಯಿತು. ಅಲ್ಲಿಂದ ‘ಇಷ್ಟು ವರ್ಷ ಸುಮ್ನೆ ಕಳೆದೆ’ ಅನ್ನುವಲ್ಲಿಗೆ. ಸಂಜೆ ಫೋನ್ ಬಂತು. ‘ಹಲೋ’ ಅಂದರೆ ಗಂಟಲಿನಿಂದ ದನಿಯೇ ಹೊರಡಲಿಲ್ಲ. ಆ ದಿನ ನಾನು ಆಡಿದ ಮೊದಲ ಮಾತು ಅದು.

ಹತ್ತು ಜನ ಕೂತು ಕೆಲಸ ಮಾಡುವ ಕಡೆ ಇದೇ ಮುಚ್ಚಳ ಸೀಳಿದ್ದರೆ? ಪಕ್ಕದವರು ಕತ್ತು ಚಾಚಿ ನೋಡಿ, “ಹೋಗ್ಲಿ ಬಿಡು, ನಂದೂ ಹೋದ ತಿಂಗಳು ಹೀಗೇ ಸೀಳಿತ್ತು, ಬಿಗಿ ಜಾಸ್ತಿ ಮಾಡಿದೀಯ” ಅಂದು ತಮ್ಮ ಕೆಲಸಕ್ಕೆ ತಿರುಗುತ್ತಿದ್ದರು. ಸಮಾಧಾನವೂ ಸಿಕ್ಕಿತು, ಕಾರಣವೂ ಸಿಕ್ಕಿತು, ಒಂದೇ ಉಸಿರಿನಲ್ಲಿ. ಒಬ್ಬರೇ ದುಡಿಯುವವರಿಗೆ ಇಲ್ಲದ್ದು ಆ ಒಂದು ಮಾತು. ಅದು ಸಿಗದೆ ಹೋದಾಗ ಸಣ್ಣ ಸೀಳು ಇಡೀ ಬದುಕಿನಷ್ಟು ಅಗಲವಾಗುತ್ತದೆ. ಆ ಮಾತು ಬೇಕಾದ ಹೊತ್ತಿಗೆ ಸಿಗುವಂತೆ ಮೊದಲೇ ಏರ್ಪಾಡು ಮಾಡಿಕೊಳ್ಳುವುದು ಹೇಗೆ ಅನ್ನುವುದನ್ನೇ ಇಲ್ಲಿ ಬರೆದಿದ್ದೇನೆ. ನಾನು ಮರಗೆಲಸದವನು, ಹಾಗಾಗಿ ಉದಾಹರಣೆ ಮರದ್ದೇ ಜಾಸ್ತಿ. ಮಣ್ಣು, ನೂಲು, ಚರ್ಮ, ಲೋಹ ಯಾವುದರ ಕೆಲಸವಾದರೂ ಪಾಡು ಹೆಚ್ಚುಕಡಿಮೆ ಇದೇ.

1. ಯಾವ ನೋವು ಅಂತ ಮೊದಲು ಗುರುತು ಹಿಡಿಯಿರಿ

ಏಕಾಂತ ಬೇರೆ, ಒಂಟಿತನ ಬೇರೆ. ನಮ್ಮಲ್ಲಿ ಹೆಚ್ಚಿನವರು ಈ ಕೆಲಸಕ್ಕೆ ಬಂದದ್ದೇ ಏಕಾಂತ ಇಷ್ಟ ಅಂತ. ಅದಕ್ಕೇ ಒಂಟಿತನ ಬಂದಾಗ ಒಪ್ಪಿಕೊಳ್ಳುವುದು ಕಷ್ಟ. ‘ನಾನೇ ಆರಿಸಿಕೊಂಡದ್ದು, ಈಗ ಅಳುವುದೇನು’ ಅಂತ ನಮ್ಮನ್ನೇ ಗದರಿಸಿಕೊಳ್ಳುತ್ತೇವೆ. ಗದರಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರಲ್ಲಿ ಕೊಟ್ಟ ವರದಿಯ ಪ್ರಕಾರ ಜಗತ್ತಿನಲ್ಲಿ 6 ಜನರಲ್ಲಿ ಒಬ್ಬರಿಗೆ ಒಂಟಿತನದ ತೊಂದರೆ ಇದೆ. ತುಂಬಿದ ಆಫೀಸಿನಲ್ಲಿ ಕೂತವರೂ ಅದರಲ್ಲಿ ಸೇರಿದ್ದಾರೆ.

ಮನಸ್ಸು ಭಾರವಾದಾಗ ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈಗ ಯಾರಾದರೂ ಬಾಗಿಲು ತಟ್ಟಿ ಒಳಗೆ ಬಂದರೆ?

‘ಅಬ್ಬಾ, ಬರಲಿ’ ಅನ್ನಿಸಿದರೆ ಅದು ಒಂಟಿತನ. ಜನ ಬೇಕು. ‘ಅಯ್ಯೋ, ಈಗ ಬೇಡ’ ಅನ್ನಿಸಿದರೆ ದಣಿವು. ನಿದ್ದೆ ಬೇಕು, ಜನ ಅಲ್ಲ. ‘ಬರಲಿ, ಆದರೆ ಆ ಮುಚ್ಚಳ ಮಾತ್ರ ಕಣ್ಣಿಗೆ ಬೀಳಬಾರದು’ ಅನ್ನಿಸಿದರೆ ಅದು ನಾಚಿಕೆ. ಈ ಮೂರನೆಯದರ ಬಗ್ಗೆ ಹುಷಾರಾಗಿರಿ. ನಾಚಿಕೆಯಾದವರು ಕೆಟ್ಟ ಕೆಲಸವನ್ನು ಬಟ್ಟೆ ಮುಚ್ಚಿ ಮೂಲೆಗಿಡುತ್ತಾರೆ. ಆಮೇಲೆ ಆ ಮೂಲೆಯ ಕಡೆ ಹೋಗುವುದನ್ನು ಬಿಡುತ್ತಾರೆ. ಆಮೇಲೆ ಫೋನ್ ಎತ್ತುವುದನ್ನೂ ಬಿಡುತ್ತಾರೆ. ಮೊದಲು ಒಂಟಿಯಾಗಿರದವರನ್ನೂ ಅದು ಒಂಟಿ ಮಾಡುತ್ತದೆ.

2. ಕೆಟ್ಟ ಮೊದಲ ಒಂದು ಗಂಟೆ

ಕೈಯಲ್ಲಿರುವ ಉಪಕರಣ ಕೆಳಗಿಡಿ. ಉಳಿಯಾದರೆ ಬಾಯಿ ಗೋಡೆಯ ಕಡೆ ಇರಲಿ. ಯಂತ್ರವಾದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಸಿಟ್ಟಿನ ಕೈ ತನ್ನ ಬಲವನ್ನು ಅಳೆಯುವುದಿಲ್ಲ. ನನ್ನ ಎಡಗೈ ಹೆಬ್ಬೆರಳಿನ ಮೇಲಿರುವ ಗಾಯದ ಗುರುತು ಕೆಲಸ ಕೆಟ್ಟ ಹೊತ್ತಿನದ್ದಲ್ಲ. ಕೆಟ್ಟ ಹತ್ತು ನಿಮಿಷಕ್ಕೆ, ಸರಿ ಮಾಡಿಬಿಡುತ್ತೇನೆ ಅಂತ ಹೊರಟಾಗಿನದ್ದು.

ಒಂದು ಫೋಟೊ ತೆಗೆಯಿರಿ. ಯಾರಿಗೂ ಕಳಿಸಬೇಕಿಲ್ಲ. ನಾಳೆಯ ಹೊತ್ತಿಗೆ ನೆನಪು ಸುಳ್ಳು ಹೇಳಲು ಶುರು ಮಾಡಿರುತ್ತದೆ, ಫೋಟೊ ಹೇಳುವುದಿಲ್ಲ. ಆಮೇಲೆ ಸೀಮೆಸುಣ್ಣದಲ್ಲಿ ಆ ವಸ್ತುವಿನ ಮೇಲೆಯೇ ಇವತ್ತಿನ ತಾರೀಖು ಬರೆಯಿರಿ. ಬರೆಯಲಾಗದ ವಸ್ತುವಾದರೆ ಒಂದು ಚೀಟಿ ಕಟ್ಟಿ. ಇದು ಹುಚ್ಚಾಟದ ಹಾಗೆ ಕಾಣಬಹುದು, ಆದರೆ ಕೆಲಸ ಮಾಡುತ್ತದೆ. ತಾರೀಖು ಬಿದ್ದ ಕೂಡಲೇ ಅದು ‘ನಾನು’ ಆಗಿ ಉಳಿಯುವುದಿಲ್ಲ, ಒಂದು ದಿನ ನಡೆದ ಸಂಗತಿ ಆಗುತ್ತದೆ.

ಆಮೇಲೆ ಬಾಗಿಲು ಹಾಕಿ ಹೊರಗೆ ಹೋಗಿ. ಅರ್ಧ ಗಂಟೆ ನಡೆಯಿರಿ. ಅವತ್ತೇ ಒಲೆಗೆ ಹಾಕುವುದು ಬೇಡ, ಅವತ್ತೇ ರಿಪೇರಿಗೆ ಇಳಿಯುವುದೂ ಬೇಡ. ಒಯ್ಯಲು ಬರುವವರಿಗೆ ಮಾತ್ರ ಅವತ್ತೇ ಒಂದು ಸಾಲು ಹೋಗಲಿ: “ಕೊನೆಯ ಹಂತದಲ್ಲಿ ಒಂದು ದೋಷ ಕಂಡಿದೆ, ಹೇಳಿದ ದಿನಕ್ಕೆ ಆಗುವುದಿಲ್ಲ, ಹೊಸ ದಿನ ನಾಳೆ ತಿಳಿಸುತ್ತೇನೆ.” ಕಾರಣ, ಕ್ಷಮೆ, ಕಥೆ ಯಾವುದನ್ನೂ ಉದ್ದ ಮಾಡಬೇಡಿ. ಈ ಸಾಲು ಕಳಿಸದೆ ಇದ್ದ ಕಾರಣಕ್ಕೆ ನಾನು ನಿದ್ದೆ ಕೆಟ್ಟ ರಾತ್ರಿಗಳ ಲೆಕ್ಕ ಇಲ್ಲ.

3. ಮರುದಿನ ಪಂಚನಾಮೆ

ಬೆಳಗಿನ ಬೆಳಕಿನಲ್ಲಿ ಆ ವಸ್ತುವನ್ನು ಬೇರೆ ಯಾರೋ ಮಾಡಿದ್ದು ಅಂದುಕೊಂಡು ನೋಡಿ. ಒಂದು ನೋಟ್‌ಬುಕ್ ಇರಲಿ. ಮೂರು ಪ್ರಶ್ನೆ: ಸಾಮಗ್ರಿ ಕೆಟ್ಟಿತಾ, ಕೈ ತಪ್ಪಿತಾ, ಆತುರ ಮಾಡಿದೆನಾ?

ಪ್ರಶ್ನೆ ಮೂರಾದರೂ ಅದರಿಂದ ಆಗುವ ಲಾಭ ದೊಡ್ಡದು, ಯಾಕೆಂದರೆ ಒಬ್ಬರೇ ಇರುವಾಗ ನಾವು ಎಲ್ಲದಕ್ಕೂ ಎರಡನೆಯದನ್ನೇ ಬರೆಯುತ್ತೇವೆ. ಮಡಕೆ ಮಾಡುವವರನ್ನೇ ನೋಡಿ. ಜೇಡಿಮಣ್ಣಿನಲ್ಲಿ ಕ್ವಾರ್ಟ್ಸ್ ಅನ್ನುವ ಖನಿಜದ ಕಣಗಳು ಇರುತ್ತವೆ. ಆವಿಗೆ, ಅಂದರೆ ಮಡಕೆ ಸುಡುವ ಗೂಡು, 573 ಡಿಗ್ರಿ ಸೆಲ್ಸಿಯಸ್ ದಾಟುವಾಗ ಅವು ಒಮ್ಮೆಲೇ ಹಿಗ್ಗುತ್ತವೆ, ತಣಿಯುತ್ತಾ ಅದೇ ಬಿಸಿಗೆ ಇಳಿದಾಗ ಒಮ್ಮೆಲೇ ಕುಗ್ಗುತ್ತವೆ. ಆ ಹೊತ್ತಿನಲ್ಲಿ ಆವಿಗೆ ಬೇಗ ತಣಿದರೆ ಎಂಥಾ ಕೈ ಮಾಡಿದ ಪಾತ್ರೆಯೂ ಬಿರುಕು ಬಿಡಬಹುದು. ಚಕ್ರದ ಮೇಲಿನ ಕೈಯನ್ನು ಬೈದುಕೊಂಡು ಏನು ಬಂತು? ಹೆಣಿಗೆಯವರಿಗೆ ಒಂದೇ ಬಣ್ಣದ ಎರಡು ಉಂಡೆ ನೂಲು ಬೇರೆ ಬೇರೆ ಲಾಟಿನದ್ದಾದರೆ, ಅಂದರೆ ಬೇರೆ ಬೇರೆ ಸಲ ಬಣ್ಣ ಹಾಕಿದ್ದಾದರೆ, ಸ್ವೆಟರಿನ ನಡುವೆ ಪಟ್ಟೆ ಬೀಳುತ್ತದೆ. ಅದೂ ಕೈಯ ತಪ್ಪಲ್ಲ, ಲಾಟ್ ಸಂಖ್ಯೆ ನೋಡದ ತಪ್ಪು. ಮುಂದಿನ ಸಲ ನೋಡಿದರೆ ಮುಗಿಯಿತು.

ಕೈಯೇ ತಪ್ಪಿದ್ದರೆ ಹಾಗಂತಲೇ ಬರೆಯಿರಿ. ‘ಉಳಿ ಮೊಂಡಾಗಿತ್ತು, ಸಾಣೆ ಹಿಡಿಯಲು ಸೋಮಾರಿತನ ಮಾಡಿದೆ’ ಅಂತ ಬರೆದರೆ ಅದರಲ್ಲಿ ನಾಳೆ ಮಾಡಬೇಕಾದ ಕೆಲಸವಿದೆ. ‘ನಾನು ಅಸಡ್ಡಾಳ’ ಅಂತ ಬರೆದರೆ ಮಾಡಲು ಏನೂ ಇಲ್ಲ. ಬರೆದ ಸಾಲು ಸರಿಯಾಗಿದೆಯೇ ಅಂತ ನಾನು ನೋಡುವುದು ಹೀಗೆ: ಅದರಲ್ಲಿ ಮರ, ಉಳಿ, ಅಂಟು, ಗಡಿಯಾರ ಇವುಗಳಲ್ಲಿ ಯಾವುದಾದರೂ ಒಂದು ಇರಬೇಕು. ಬರೀ ನಾನೇ ಇದ್ದರೆ ಹೊಡೆದು ಹಾಕಿ ಮತ್ತೆ ಬರೆಯುತ್ತೇನೆ.

ಒಡೆದ ವಸ್ತುಗಳಿಗೆ ಒಂದು ಹಲಗೆ ಮೀಸಲಿಡಿ. ಒಂದೇ ಹಲಗೆ. ತುಂಬಿದಾಗ ಹಳೆಯದು ಹೋಗಬೇಕು. ಎಲ್ಲವನ್ನೂ ಇಟ್ಟುಕೊಂಡರೆ ಕೋಣೆ ಸ್ಮಶಾನ ಆಗುತ್ತದೆ.

4. ಎರಡನೇ ಕಣ್ಣು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಉಳಿದದ್ದೆಲ್ಲ ಒಬ್ಬರೇ ಮಾಡಬಹುದು, ಇದನ್ನು ಆಗುವುದಿಲ್ಲ.

ಆ ಸಂಜೆಯ ಫೋನ್ ಮಾಡಿದವಳು ಮಣ್ಣಿನ ಕೆಲಸ ಮಾಡುವ ನನ್ನ ಗೆಳತಿ. ಬೇರೇನೋ ಕೇಳಲು ಮಾಡಿದ್ದಳು. ನನ್ನ ದನಿ ಕೇಳಿ, “ಏನಾಯ್ತೋ ಗಂಟಲಿಗೆ?” ಅಂದಳು. ಏನಿಲ್ಲ ಅಂದೆ. “ಏನಿಲ್ಲ ಅನ್ನೋ ದನಿಯಲ್ಲ ಇದು. ಏನು ಒಡೀತು?” ಒಬ್ಬಳೇ ಕೆಲಸ ಮಾಡುವವಳು, ಅವಳಿಗೆ ಗೊತ್ತಾಗದೆ ಇರುತ್ತದಾ? ಫೋಟೊ ಕಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಮಣ್ಣು ಒಣಗುವಾಗ ಕುಗ್ಗುತ್ತೆ. ಮರ ಕುಗ್ಗಲ್ವಾ?”

ಕುಗ್ಗುತ್ತದೆ. ಅದು ಮರಗೆಲಸದ ಮೊದಲ ಪಾಠ. ಗಾಳಿಯಲ್ಲಿ ತೇವ ಹೆಚ್ಚಾದರೆ ಹಲಗೆ ಅಗಲಕ್ಕೆ ಹಿಗ್ಗುತ್ತದೆ, ಒಣ ಗಾಳಿ ಬಂದರೆ ಅಗಲಕ್ಕೆ ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚುಕಡಿಮೆ ಏನೂ ಆಗುವುದಿಲ್ಲ. 30 ಸೆಂಟಿಮೀಟರ್ ಅಗಲದ ಹಲಗೆ ತೇವದ ಕಾಲದಿಂದ ಒಣ ಕಾಲಕ್ಕೆ ಬರುವಾಗ 3 ಮಿಲಿಮೀಟರಿನಷ್ಟು ಓಡಾಡುವುದು ಸಾಮಾನ್ಯ. ಅದಕ್ಕೇ ಮುಚ್ಚಳದ ಹಲಗೆಯನ್ನು ಚೌಕಟ್ಟಿನ ತೋಡಿನಲ್ಲಿ ಅಂಟಿಲ್ಲದೆ ಸಡಿಲ ಕೂರಿಸುತ್ತಾರೆ. ನನಗಿದು ನಿದ್ದೆಯಲ್ಲೂ ಗೊತ್ತು. ಆದರೆ ಈ ಸಲ ಹಲಗೆ ಸ್ವಲ್ಪ ಕಟಕಟ ಅನ್ನುತ್ತಿತ್ತು. ಸದ್ದು ನಿಲ್ಲಲಿ ಅಂತ ತೋಡಿನ ಸುತ್ತ ಅಂಟು ಬಿಟ್ಟಿದ್ದೆ. ಒಣ ಗಾಳಿ ಶುರುವಾಯಿತು, ಹಲಗೆ ಕುಗ್ಗಲು ನೋಡಿತು, ಅಂಟು ಬಿಡಲಿಲ್ಲ, ನಡುವೆ ಸೀಳಿತು. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕೂತು ‘ನಾನು ಯಾಕೆ ಹೀಗೆ’ ಅಂತ ಯೋಚಿಸಿದವನಿಗೆ ಹೊಳೆಯದ ಅಂಟು, ಮರದ ಗಂಧವೇ ಇಲ್ಲದವಳ ಒಂದು ಪ್ರಶ್ನೆಗೆ ಹೊಳೆಯಿತು.

ಹಾಗಾಗಿ ಮೂರು ಬಗೆಯ ಜನರನ್ನು ಹುಡುಕಿಕೊಳ್ಳಿ. ನಿಮ್ಮದೇ ಕೆಲಸದವರು ಒಬ್ಬರು, ಬೇರೆ ಕೈಕೆಲಸದವರು ಒಬ್ಬರು, ಕೆಲಸಕ್ಕೇ ಸಂಬಂಧವಿಲ್ಲದವರು ಒಬ್ಬರು. ಮೊದಲನೆಯವರು ಕಾರಣ ಹೇಳುತ್ತಾರೆ. ಎರಡನೆಯವರು ನಿಮಗೆ ಕಾಣದ ಪ್ರಶ್ನೆ ಕೇಳುತ್ತಾರೆ. ಮೂರನೆಯವರಿಗೆ ನಿಮ್ಮ ಸೀಳು ಕಾಣುವುದೇ ಇಲ್ಲ, “ಚೆನ್ನಾಗಿದೆಯಲ್ಲ!” ಅನ್ನುತ್ತಾರೆ. ಅದೂ ಬೇಕು.

ಆಪ್ತ ಗೆಳೆಯರೇ ಆಗಬೇಕು ಅಂತ ಇಲ್ಲ. ಕೆಲಸ ಹುಡುಕುವವರಿಗೆ ಸುದ್ದಿ ಸಿಗುವುದು ಹತ್ತಿರದವರಿಗಿಂತ ಅಪರೂಪಕ್ಕೆ ಭೇಟಿಯಾಗುವ ಪರಿಚಯದವರಿಂದಲೇ ಜಾಸ್ತಿ ಅಂತ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ತೋರಿಸಿದ್ದರು. ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ದೂರದವರು ಹೊಸದನ್ನು ತರುತ್ತಾರೆ. ನನ್ನ ಅನುಭವದಲ್ಲಿ ಕೈಕೆಲಸಕ್ಕೂ ಈ ಮಾತು ಸಲ್ಲುತ್ತದೆ. ಮರ ಮಾರುವವರು, ಸಾಣೆ ಹಿಡಿದುಕೊಡುವವರು, ಒಮ್ಮೆ ಮೇಳದಲ್ಲಿ ಪಕ್ಕದ ಮೇಜಿನಲ್ಲಿ ಕೂತವರು, ಇವರ ನಂಬರು ಇಟ್ಟುಕೊಳ್ಳಿ.

ಕೇಳುವ ರೀತಿಯೂ ಮುಖ್ಯ. ಮುಗಿದ ವಸ್ತುವಿನ ಫೋಟೊ ಕಳಿಸಿ “ಹೇಗಿದೆ?” ಅಂದರೆ “ಸೂಪರ್” ಅಂತ ಬರುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ಅರ್ಧ ಆಗಿರುವುದನ್ನು ಕಳಿಸಿ. ಉತ್ತರ ಕೊಡಲು ಬರುವ ಪ್ರಶ್ನೆ ಕೇಳಿ: “ಈ ಅಂಚು ದಪ್ಪ ಆಯ್ತಾ? ಇನ್ನೊಂದು ಮಿಲಿಮೀಟರ್ ತೆಗೀಲಾ?” ತಿಂಗಳಿಗೆ ಒಂದಾದರೂ ಕೆಟ್ಟದ್ದರ ಫೋಟೊ ಕಳಿಸಿ. ಒಂದು ಸಲ ನೀವು ಕಳಿಸಿ ನೋಡಿ, ಅವರದ್ದು ಎರಡು ಬರುತ್ತದೆ. ಯಾರ ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟದ್ದು ಇಲ್ಲ ಹೇಳಿ?

ಇನ್ನೊಂದು ಉಪಾಯ. ವಾರಕ್ಕೊಂದು ದಿನ, ಒಂದೂವರೆ ಗಂಟೆ, ಇಬ್ಬರೂ ವಿಡಿಯೊ ಕಾಲ್ ಹಾಕಿಕೊಂಡು ಅವರವರ ಕೆಲಸ ಮಾಡುವುದು. ಮಾತಾಡಲೇಬೇಕು ಅಂತಿಲ್ಲ. ಆ ಕಡೆಯಿಂದ ಚಕ್ರ ತಿರುಗುವ ಸದ್ದು, ಈ ಕಡೆಯಿಂದ ಗರಗಸದ್ದು. ಮೊದಲ ಸಲ ಮುಜುಗರ ಆಯಿತು. ಮೂರನೇ ವಾರ ಕ್ಯಾಮೆರಾ ಇರುವುದೇ ಮರೆತುಹೋಗಿತ್ತು.

5. ‘ಹತ್ತೂ ಇದೆಯಾ?’

ಒಬ್ಬರೇ ಕೆಲಸ ಮಾಡುವವರಿಗೆ ಏನಾದರೂ ಆದರೆ ಗೊತ್ತಾಗುವುದು ತಡ. ಈ ಹೆದರಿಕೆ ನಮಗೆಲ್ಲ ಒಳಗೊಳಗೇ ಇರುತ್ತದೆ, ಬಾಯಿಬಿಟ್ಟು ಹೇಳುವುದಿಲ್ಲ. ಮುಚ್ಚಳದ ಫೋನಿನ ಕೊನೆಗೆ ನಾವಿಬ್ಬರು ಒಂದು ಒಪ್ಪಂದ ಮಾಡಿಕೊಂಡೆವು. ಕೆಲಸ ಮುಗಿಸಿ ಬಾಗಿಲು ಹಾಕುವಾಗ ಒಂದು ಮೆಸೇಜು. ಅವಳು ಕೇಳುತ್ತಾಳೆ: “ಹತ್ತೂ ಇದೆಯಾ?” ಬೆರಳು ಅಂತ ಅರ್ಥ. ನಾನು: “ಹತ್ತೂ ಇದೆ.” ನಾನು ಕೇಳುವುದು ಅವಳ ಆವಿಗೆಯ ಬಗ್ಗೆ: “ಆರಿತಾ?” ಏಳು ಗಂಟೆಯೊಳಗೆ ಉತ್ತರ ಬರದಿದ್ದರೆ ಫೋನ್. ಫೋನೂ ಎತ್ತದಿದ್ದರೆ ಹತ್ತಿರ ಇರುವವರಿಗೆ ಹೇಳಿ ಬಾಗಿಲು ತಟ್ಟಿಸುವುದು. ಆ ಹತ್ತಿರದವರ ನಂಬರು ಮೊದಲೇ ಕೊಟ್ಟಿರಬೇಕು.

ಸುರಕ್ಷತೆಗೆ ಅಂತ ಶುರುವಾದದ್ದು. ಆದರೆ ದಿನಕ್ಕೊಮ್ಮೆ ಒಬ್ಬರು ನಮ್ಮ ಮಾತಿಗೆ ಕಾಯುತ್ತಾರೆ ಅನ್ನುವುದು ಸಣ್ಣ ಸಂಗತಿಯಲ್ಲ. ಎಷ್ಟೋ ಸಲ ಉತ್ತರ “ಹತ್ತೂ ಇದೆ, ಆದರೆ ಹಿಡಿ ಮುರೀತು” ಅಂತ ಇರುತ್ತದೆ. ಆಮೇಲೆ ಹತ್ತು ನಿಮಿಷ ಮಾತು.

ಜೊತೆಗೆ ಕೆಲವು ಮಾತು. ಫೋನ್ ಬೆಂಚಿನ ಮೇಲಲ್ಲ, ಜೇಬಿನಲ್ಲಿ ಇರಲಿ, ಬಿದ್ದಾಗ ಕೈಗೆ ಸಿಗಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿಕೊಂಡು ತಾನಾಗಿಯೇ ಬೆಂಕಿ ಹತ್ತಬಹುದು. ಹೊರಗೆ ಅಗಲವಾಗಿ ಹರಡಿ ಒಣಗಿಸಿ, ಇಲ್ಲವೇ ನೀರಿರುವ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿ. ಅತ್ತ ದಿನ, ನಿದ್ದೆಗೆಟ್ಟ ದಿನ ಯಂತ್ರ ಮುಟ್ಟಬೇಡಿ. ಅಂಥ ದಿನಕ್ಕೆ ಕೈಯ ಕೆಲಸ ಇದೆ.

6. ದಿನಕ್ಕೊಂದು ಆಕಾರ

ಶುರು ಮಾಡುವ ಹೊತ್ತು ಹೆಚ್ಚುಕಡಿಮೆ ಆದರೂ ಪರವಾಗಿಲ್ಲ, ನಿಲ್ಲಿಸುವ ಹೊತ್ತು ಗಟ್ಟಿಯಿರಲಿ. ನಿಲ್ಲಿಸುವಾಗ ನಾಳೆಗೆ ಒಂದು ಸುಲಭದ ಕೆಲಸ ಬಾಕಿ ಬಿಡಿ. ನಾನು ಒಂದು ಉಳಿಗೆ ಸಾಣೆ ಹಿಡಿದು, ಕೊನೆಯ ನಾಲ್ಕು ಗೆರೆ ಕೊರೆಯದೆ ಬಿಟ್ಟು ಬರುತ್ತೇನೆ. ಬೆಳಗ್ಗೆ ಎಲ್ಲಿಂದ ಶುರು ಮಾಡಲಿ ಅಂತ ಯೋಚಿಸುತ್ತಾ ನಿಂತರೆ ಆ ಖಾಲಿ ಜಾಗಕ್ಕೆ ಬೇರೆ ಯೋಚನೆ ನುಗ್ಗುತ್ತದೆ.

ಕೆಟ್ಟ ದಿನಕ್ಕೆಂದೇ ಬುದ್ಧಿ ಬೇಡದ ಕೆಲಸವನ್ನು ಒಂದು ಬುಟ್ಟಿಯಲ್ಲಿ ಕೂಡಿಡಿ. ಉಪ್ಪುಕಾಗದ ಉಜ್ಜುವುದು, ಗುಂಡಿ ಹೊಲಿಯುವುದು, ದಾರ ಸುತ್ತುವುದು, ಮೊಳೆ ವಿಂಗಡಿಸುವುದು. ಸಂಜೆ ಬುಟ್ಟಿಯಲ್ಲಿ ಏನೋ ಆಗಿರುತ್ತದೆ, ಅಷ್ಟು ಸಾಕು.

ರೇಡಿಯೊ ಹಾಕಿಕೊಳ್ಳಿ, ಆದರೆ ಅದನ್ನು ಜನ ಅಂತ ಲೆಕ್ಕ ಹಿಡಿಯಬೇಡಿ. ದಿನಕ್ಕೊಮ್ಮೆ ನಿಮ್ಮ ದನಿ ಇನ್ನೊಬ್ಬರ ಕಿವಿಗೆ ಬೀಳಬೇಕು.

7. ಬೇಡ ಅಂದಾಗ

ಒಡೆದದ್ದಕ್ಕಿಂತ ಇದು ನೋಯಿಸುತ್ತದೆ. ನನ್ನ ಒಂದು ಮೇಜನ್ನು ಒಬ್ಬರು ಮನೆಗೆ ತಲುಪಿದ ಮೇಲೆ ವಾಪಸ್ ಕಳಿಸಿದ್ದರು. ‘ಅಂದುಕೊಂಡ ಹಾಗಿಲ್ಲ’ ಅಂತ ಒಂದೇ ಸಾಲು. ರಾತ್ರಿಯೇ ಉದ್ದುದ್ದ ಉತ್ತರ ಬರೆದು ಕಳಿಸಿದೆ. ಬೆಳಗ್ಗೆ ಓದಿ ನನಗೇ ನಾಚಿಕೆಯಾಯಿತು.

ಈಗ ರಾತ್ರಿ ಉತ್ತರ ಬರೆಯುವುದಿಲ್ಲ. ಕಾಗದದ ಮೇಲೆ ಬರೆಯುತ್ತೇನೆ, ಕಳಿಸುವುದಕ್ಕಲ್ಲ. ಮನಸ್ಸನ್ನು ಕಾಡುವುದನ್ನು ದಿನಕ್ಕೆ 15 ನಿಮಿಷದಂತೆ 4 ದಿನ ಬರೆಯಿಸುವ ಪ್ರಯೋಗವನ್ನು ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಲ್ಲಿ ಮಾಡಿದ್ದರು. ಬರೆದ ಕೂಡಲೇ ಹಗುರ ಆಗುವುದಿಲ್ಲ, ಕೆಲವರಿಗೆ ಮೊದಲು ಭಾರವೇ ಆಗುತ್ತದೆ. ನನಗೆ ಮೂರನೇ ದಿನದ ಹೊತ್ತಿಗೆ ಬರೆಯಲು ಏನೂ ಉಳಿದಿರಲಿಲ್ಲ, ಸಿಟ್ಟು ತನ್ನ ಮಾತು ತಾನೇ ಕೇಳಿ ಬೇಜಾರಾಗಿ ಎದ್ದು ಹೋಗಿತ್ತು.

ಆಮೇಲೆ ಲೆಕ್ಕದ ಕೆಲಸ. ಕೊಳ್ಳಲಿಲ್ಲ ಅನ್ನುವುದು ಬೇರೆ, ಹಿಡಿಸಲಿಲ್ಲ ಅನ್ನುವುದು ಬೇರೆ. ಅಳತೆ, ಬಣ್ಣ, ದಿನ, ದುಡ್ಡು, ಹೀಗೆ ನೂರು ಕಾರಣಕ್ಕೆ ಜನ ಬೇಡ ಅನ್ನುತ್ತಾರೆ. ಆ ಮೇಜಿನಲ್ಲಿ ತಪ್ಪಿದ್ದು ಬಣ್ಣ. ಅವರ ಮನಸ್ಸಿನ ‘ಕಂದು’ ಬೇರೆ, ನನ್ನದು ಬೇರೆ. ಅಂದಿನಿಂದ ಬಣ್ಣ ಹಚ್ಚಿದ ಮರದ ತುಂಡೊಂದನ್ನು ಮೊದಲೇ ಕೈಗೆ ಕೊಡುತ್ತೇನೆ, ಅಳತೆ ಬರೆದ ಚಿತ್ರಕ್ಕೆ ಇಬ್ಬರೂ ಸಹಿ ಹಾಕುತ್ತೇವೆ, ಅರ್ಧ ದುಡ್ಡು ಮುಂಗಡ. ನೋವು ನಿಂತಿದೆ ಅಂತಲ್ಲ, ಕಡಿಮೆಯಾಗಿದೆ.

ಬೇರೆಯವರ ಫೋಟೊ ನೋಡಿ ಕೊರಗುವುದರ ಬಗ್ಗೆ ಒಂದೇ ಮಾತು: ಆ ಫೋಟೊದಲ್ಲಿ ಅವರ ಹಲಗೆಯ ಮೇಲಿರುವ ಸೀಳಿದ ಮುಚ್ಚಳಗಳು ಇರುವುದಿಲ್ಲ.

8. ಇದು ಕೆಲಸದ ಮಾತಲ್ಲದಿದ್ದಾಗ

ಎರಡು ವಾರ ಕಳೆದರೂ ಬಹುತೇಕ ದಿನ ಮನಸ್ಸು ಮಂಕಾಗಿಯೇ ಇದ್ದರೆ, ನಿದ್ದೆ ಊಟ ತಪ್ಪಿದ್ದರೆ, ಇಷ್ಟದ ಕೆಲಸವೂ ಬೇಡವಾದರೆ ಅದು ಮುಚ್ಚಳದ ವಿಷಯ ಅಲ್ಲ. ಡಾಕ್ಟರ ಹತ್ತಿರ ಹೋಗಿ. ಕೈಗೆ ಉಳಿ ತಗುಲಿದರೆ ಹೊಲಿಗೆ ಹಾಕಿಸಿಕೊಳ್ಳುವುದಿಲ್ವಾ, ಹಾಗೇ. ಸಾಯುವ ಯೋಚನೆ ಸುಳಿದರೆ ಎರಡು ವಾರ ಕಾಯುವ ಮಾತೇ ಇಲ್ಲ. ಅದೇ ಗಳಿಗೆಯಲ್ಲಿ ಒಬ್ಬರಿಗೆ ಹೇಳಿ, ಹತ್ತಿರದ ಆಸ್ಪತ್ರೆಗೋ ಸಹಾಯವಾಣಿಗೋ ಫೋನ್ ಮಾಡಿ. ಉಳಿ, ಕತ್ತಿ, ರಾಸಾಯನಿಕ ನಮ್ಮ ಕೈಯಳತೆಯಲ್ಲೇ ಇರುತ್ತವೆ, ಆ ಹೊತ್ತಿನಲ್ಲಿ ಕೋಣೆಯಲ್ಲಿ ಒಬ್ಬರೇ ಇರಬೇಡಿ. ನಿಮ್ಮ ‘ಹತ್ತೂ ಇದೆಯಾ’ ಗೆಳೆಯರ ದನಿ ಬದಲಾದರೂ ಇದೇ ಮಾತು. “ಸಾಯುವ ಯೋಚನೆ ಬರ್ತಿದೆಯಾ?” ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ.

9. ಎರಡನೇ ಮುಚ್ಚಳ

ಕೆಟ್ಟ ಕೆಲಸಕ್ಕೆ ಒಂದು ವಾರದೊಳಗೆ ಮರಳಿ. ತಡ ಮಾಡಿದಷ್ಟೂ ಅದು ಮನಸ್ಸಿನಲ್ಲಿ ದೊಡ್ಡದಾಗುತ್ತದೆ. ನೇರವಾಗಿ ಅದಕ್ಕೇ ಇಳಿಯುವ ಬದಲು ಎಲ್ಲಿ ಕೆಟ್ಟಿತೋ ಆ ಭಾಗವನ್ನಷ್ಟೇ ಹಳೆಯ ತುಂಡುಗಳಲ್ಲಿ ಒಮ್ಮೆ ಮಾಡಿ ನೋಡಿ. ನಾನು ಅಂಗೈಯಗಲದ ಒಂದು ಚೌಕಟ್ಟು ಮಾಡಿದೆ. ತೋಡಿನಲ್ಲಿ ಹಲಗೆ ಕೂರಿಸಿ, ಎರಡೂ ಪಕ್ಕ ಒಂದೊಂದು ಮಿಲಿಮೀಟರ್ ಜಾಗ ಬಿಟ್ಟೆ. ಕಟಕಟ ಅಂದಿತು. ಈ ಸಲ ಅಂಟಿನ ಬಾಟಲಿ ಮುಟ್ಟಲಿಲ್ಲ. ಎರಡು ತುದಿಯ ಸರಿ ನಡುವೆ ಒಂದೊಂದು ಸಣ್ಣ ಮರದ ಮೊಳೆ ಹೊಡೆದೆ. ಹಲಗೆ ನಡುವಿನಲ್ಲಿ ನಿಂತಿತು, ಎರಡೂ ಪಕ್ಕಕ್ಕೆ ಕುಗ್ಗಲು ದಾರಿ ಉಳಿಯಿತು, ಸದ್ದೂ ಹೋಯಿತು. ಆಮೇಲೆ ದೊಡ್ಡದಕ್ಕೆ ಕೈ ಹಾಕಿದೆ, ಎರಡೂ ಪಕ್ಕ ಎರಡೆರಡು ಮಿಲಿಮೀಟರ್ ಬಿಟ್ಟು.

ಪೆಟ್ಟಿಗೆ ಒಂಬತ್ತು ದಿನ ತಡವಾಗಿ ಹೋಯಿತು. ಒಯ್ದವರು ಮುಚ್ಚಳ ತೆರೆದು, ಮುಚ್ಚಿ, ಇನ್ನೊಮ್ಮೆ ತೆರೆದು ಒಳಗಿನ ವಾಸನೆ ನೋಡಿದರು. ತಡವಾದದ್ದರ ಬಗ್ಗೆ ಕೇಳಲಿಲ್ಲ. ಸೀಳಿದ ಮುಚ್ಚಳ ಈಗಲೂ ನನ್ನ ಹಲಗೆಯ ಮೇಲಿದೆ. ಸೀಮೆಸುಣ್ಣದ ತಾರೀಖು ಅರ್ಧ ಅಳಿಸಿದೆ. ಪೆನ್ಸಿಲು ಉರುಳಿ ಹೋಗದ ಹಾಗೆ ಆ ಸೀಳಿಗೆ ಒರಗಿಸಿ ಇಡುತ್ತೇನೆ.